ಒಂದೇ ಸಲ ಕೇಳಿದ್ದು

ನನ್ನನ್ನು ಊರಿನವರು ಡಾಕ್ಟರೇ ಎಂದು ಕರೆಯುತ್ತಾರೆ. ಹೊಟ್ಟೆನೋವಿಗೆ ಒಂದು ಮಾತ್ರೆ ಕೊಡಲೂ ಬಾರದ ಡಾಕ್ಟರ್. ಬೆಟ್ಟದ ಜನ ಹುಲ್ಲುಗಾವಲನ್ನು ಹೇಗೆ ಹಂಚಿಕೊಂಡು ಬಾಳುತ್ತಾರೆ ಎಂದು ಕಾಠ್ಮಂಡುವಿನಲ್ಲಿ ಆರು ವರ್ಷ ಕೂತು ದಪ್ಪ ಪುಸ್ತಕ ಬರೆದವನು ನಾನು, ಥೊರ್ಮೆಯ ಗ್ಯಾಲ್ಜೆನ್ ಶೆರ್ಪಾ. ಆ ಪುಸ್ತಕದ ನೂರಾ ಹನ್ನೆರಡನೇ ಪುಟ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ಪುಟದಲ್ಲಿರುವುದು ನೊರ್ಜೋಮ್ ಅಜ್ಜಿಯ ಮಾತು. ನಮ್ಮ ಮನೆಯಿಂದ ನಾಲ್ಕು ಮನೆ ಮೇಲೆ ಇರುವವಳು, ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವಳು. ಅವಳ ಹತ್ತೊಂಬತ್ತು ಚಮರಿಗಳು ಬೇಸಿಗೆಯಿಡೀ ಲಂಗ್ಮೋ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದವು. ಅವಳ ಮಾವನೂ ಮಾವನ ಅಪ್ಪನೂ ಅಲ್ಲೇ ಮೇಯಿಸಿದವರು. ಅಲ್ಲಿನ ಕಲ್ಲಿನ ಕೊಟ್ಟಿಗೆ ಕಟ್ಟಿದವರೂ ಅವರೇ.

ಸಂಶೋಧನೆಯ ಕಾಲದಲ್ಲಿ ನಾನು ಪ್ರಶ್ನೆಪಟ್ಟಿ ಹಿಡಿದು ಅವಳ ಒಲೆಯ ಮುಂದೆ ಕೂತೆ.

"ಅಜ್ಜೀ, ಲಂಗ್ಮೋ ನಿಮ್ಮ ಮನೆತನದ್ದಾ?"

"ಅಯ್ಯೋ, ಹೋಗೋ! ನಮ್ಮಂಥೋರಿಗೆ ಎಲ್ಲಿಂದ ಬರ್ಬೇಕು ಹುಲ್ಲುಗಾವಲು? ಬೆಟ್ಟದ ದೇವರದ್ದು. ಯಾರೂ ಬೇಡ ಅನ್ನಲ್ಲ, ಮೇಯಿಸ್ಕೊಂಡು ಬರ್ತೀವಿ ಅಷ್ಟೆ."

ನಮ್ಮಲ್ಲಿ ಮೊದಲ ಉತ್ತರವನ್ನು ಯಾರೂ ನಂಬುವುದಿಲ್ಲ. ನೆಂಟನಿಗೆ ಮನೆಯಲ್ಲೇ ಮಾಡಿದ ಹೆಂಡ, ಛಾಂಗ್, ಕೊಟ್ಟರೆ ಎಷ್ಟೇ ಬಾಯಾರಿದ್ದರೂ ಬೇಡ ಎನ್ನುತ್ತಾನೆ. "ಶೆ, ಶೆ", ತಗೊಳ್ಳಿ ತಗೊಳ್ಳಿ, ಎಂದು ಎರಡನೇ ಸಲ ಒತ್ತಾಯಿಸಬೇಕು, ಆಗಲೂ ಬೇಡ ಎನ್ನುತ್ತಾನೆ. ಮೂರನೇ ಸಲಕ್ಕೆ ಬಟ್ಟಲು ಮುಂದೆ ಬರುತ್ತದೆ. ಆಸ್ತಿಯ ಮಾತೂ ಹಾಗೆಯೇ. ಇದೆ ಎಂದು ಮೊದಲೇ ಬಾಯಿಬಿಟ್ಟರೆ ಬೆಟ್ಟದ ದೇವರಿಗೆ ಕೇಳಿಸುತ್ತದೆ ಎಂಬ ಭಯ. ಮೂರನೇ ಸಲ ಕೇಳಿದಾಗ ಹೇಳಿದ್ದೇ ನಿಜ. ಇದು ಹಾಲುಹಲ್ಲು ಬೀಳದ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಆದರೆ ನಮ್ಮ ಪ್ರೊಫೆಸರು, "ಪ್ರಶ್ನೆ ಒಂದೇ ಸಲ ಕೇಳಬೇಕು, ಒತ್ತಾಯಿಸಿದರೆ ಉತ್ತರ ಕೆಡುತ್ತದೆ" ಎಂದಿದ್ದರು. ಇಷ್ಟು ಹೇಳಿ ತಪ್ಪನ್ನು ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು. ಅದೂ ಸುಳ್ಳೇ. ಬೆಟ್ಟದ ಜನರಿಗೆ ಒಡೆತನದ ಕಲ್ಪನೆಯೇ ಇಲ್ಲ ಎಂದು ನನ್ನ ಮೂರನೇ ಅಧ್ಯಾಯದಲ್ಲಿ ದೊಡ್ಡದಾಗಿ ವಾದಿಸಿಬಿಟ್ಟಿದ್ದೆ. ಅಜ್ಜಿಯ ಮೊದಲ ಉತ್ತರ ಆ ವಾದಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡನೇ ಸಲ ಕೇಳಲು ನನಗೇ ಹೆದರಿಕೆಯಾಯಿತು. ಲಗುಬಗೆಯಿಂದ ಬರೆದುಕೊಂಡು, ಅವಳು ಸುಲಿದು ಕೊಟ್ಟ ಬಿಸಿ ಆಲೂಗಡ್ಡೆ ತಿಂದು ಎದ್ದು ಬಂದೆ. ನಾಚಿಕೆಗೇಡಿ!

ಹೋದ ಚಳಿಗಾಲದಲ್ಲಿ ಪಕ್ಕದ ಪಾಲ್ದಿಂಗ್ ಊರಿನವರು ಲಂಗ್ಮೋ ತಮ್ಮದು ಎಂದು ತಕರಾರು ಎತ್ತಿದರು. ವಿಚಾರಣೆಯಲ್ಲಿ ನಮ್ಮವರ ಬಳಿ ಇದ್ದದ್ದು ನೆನಪು ಮಾತ್ರ. ಅವರ ವಕೀಲನ ಕೈಯಲ್ಲಿ ನನ್ನ ಪುಸ್ತಕವಿತ್ತು. ನೂರಾ ಹನ್ನೆರಡನೇ ಪುಟವನ್ನು ಅವನು ಮದುವೆ ಕರೆಯೋಲೆ ಓದುವಷ್ಟು ಖುಷಿಯಿಂದ ಓದಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ತನ್ನ ಹೆಸರು ಕೇಳಿ ನನ್ನತ್ತ ತಿರುಗಿ ನಕ್ಕಳು. ಹುಡುಗ ತನ್ನನ್ನು ಪುಸ್ತಕದಲ್ಲಿ ಹಾಕಿದ್ದಾನೆ ಎಂಬ ಸಂತೋಷ ಅವಳಿಗೆ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ನನ್ನನ್ನು ಕೇಳಿದರು. "ಡಾಕ್ಟರ್ ಸಾಹೇಬ್ರೇ, ಈಕೆ ಹೀಗೆ ಹೇಳಿದ್ದು ನಿಜಾನಾ?"

"ನಿಜ."

"ಮತ್ತೇನಾದ್ರೂ ಹೇಳೋದಿದೆಯಾ?"

ಇತ್ತು. ಅದು ಬರೀ ಮರ್ಯಾದೆಯ ಮಾತು, ಇನ್ನೆರಡು ಸಲ ಕೇಳದೇ ಹೋದದ್ದು ನನ್ನ ತಪ್ಪು ಎನ್ನಬೇಕಿತ್ತು. ಅಂದಿದ್ದರೆ ಮೂರನೇ ಅಧ್ಯಾಯ ಮಣ್ಣುಪಾಲಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ನನ್ನ ಪ್ರೊಫೆಸರು ಬೇರೆ ಕೂತಿದ್ದರು.

"ಇಲ್ಲ" ಎಂದೆ. ಅಧಿಕಾರಿ ಇನ್ನೆರಡು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಕಾಠ್ಮಂಡುವಿಗೆ ಮರಳುವ ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಲಂಗ್ಮೋ ಪಾಲ್ದಿಂಗ್ ಪಾಲಾಯಿತು. ಬರುವ ಬೇಸಿಗೆಗೆ ಮೇವಿಲ್ಲವೆಂದಾದ ಮೇಲೆ ಅಜ್ಜಿಯ ಚಮರಿಗಳು ಒಂದೊಂದಾಗಿ ಬೇರೆಯವರ ಕೊಟ್ಟಿಗೆ ಸೇರಿದವು. ಹಲ್ಲು ಹೋದ ಒಂದು ಮುದಿ ಚಮರಿ ಮಾತ್ರ ಉಳಿಯಿತು.

ಹಿಮ ಕರಗಿದ ಮೇಲೆ ಊರಿಗೆ ಹೋದೆ. ಅಜ್ಜಿ ಬಾಗಿಲಲ್ಲೇ, "ಬಾರೋ ಡಾಕ್ಟ್ರೇ! ಸೊರಗಿ ಹೋಗಿದೀಯಲ್ಲೋ, ಆ ಊರಲ್ಲಿ ಹೊಟ್ಟೆಗೆ ಏನೂ ಹಾಕಲ್ವಾ?" ಎಂದಳು. ಒಲೆಯ ಪಕ್ಕ ಕೂರಿಸಿ ಬೆಣ್ಣೆ ಚಹಾ ಬಗ್ಗಿಸಲು ಬಂದಳು. ಬೇಡ ಎಂದೆ. "ಶೆ, ಶೆ" ಎಂದಳು. ಮತ್ತೆ ಬೇಡ ಎಂದೆ. ಮೂರನೇ ಸಲಕ್ಕೆ ಬಟ್ಟಲು ತುಂಬಿಸಿದಳು. ಒಂದು ಸಲವನ್ನೂ ಅವಳು ಕಡಿಮೆ ಮಾಡಲಿಲ್ಲ.

"ಅಜ್ಜೀ, ನನ್ನ ಮೇಲೆ ಸಿಟ್ಟಾ?"

"ಛೆ, ಬಿಡ್ತು ಅನ್ನು! ನಿನ್ನ ಮೇಲೆ ಎಂಥ ಸಿಟ್ಟು?"

ಅದನ್ನೇ ಉತ್ತರ ಎಂದುಕೊಂಡು ಎದ್ದು ಹೋಗಬಹುದಿತ್ತು. ಹಿಂದೊಮ್ಮೆ ಹಾಗೆ ಎದ್ದು ಹೋದವನೇ ತಾನೆ ನಾನು? ಕಾಲು ಏಳಲಿಲ್ಲ.

"ನನ್ನ ಮೇಲೆ ಸಿಟ್ಟಾ ಅಜ್ಜೀ?"

"ಇಲ್ಲ ಅಂದ್ನಲ್ಲೋ ಮಾರಾಯ. ಚಹಾ ಕುಡಿ, ಆರಿ ಹೋಗತ್ತೆ."

ಬಟ್ಟಲು ಕೆಳಗಿಟ್ಟೆ.

"ಅಜ್ಜೀ... ಸಿಟ್ಟಾ?"

ಅಜ್ಜಿ ಚಹಾದ ಪಾತ್ರೆಯನ್ನು ಒಲೆಯ ಮೇಲಿಟ್ಟು ನನ್ನನ್ನೇ ನೋಡಿದಳು. ಮುಖದ ಮೇಲಿನ ನಗು ಹೋಗಿತ್ತು.

"ಮೂರು ಸಲ ಕೇಳೋಕೆ ಬರುತ್ತೆ ನಿಂಗೆ, ಅಲ್ವಾ?" ಎಂದಳು.

ಆಮೇಲೆ ಎದ್ದು, ಉಳಿದಿದ್ದ ಆ ಒಂದು ಚಮರಿಗೆ ಹುಲ್ಲು ಹಾಕಲು ಹೊರಗೆ ಹೋದಳು.