ಕಳ್ಳನ ಹತ್ತಿರ ತಪ್ಪಾಯಿತೆಂದದ್ದು

ಅನುಮಾನ ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದೊಡ್ಡಬಳ್ಳಾಪುರದ ನಮ್ಮ ಮಹಿಳಾ ಸಂಘಕ್ಕೆ ಬ್ಯಾಂಕಿನವರು ಬಂದು, ಒಟಿಪಿ ಕೊಡಬೇಡಿ, ಕೊಟ್ಟುಬಿಟ್ಟರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಎಂದಾಗ, ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ತಲೆಯಾಡಿಸಿದವಳು ನಾನೇ.

ಆ ಮಂಗಳವಾರ ಫೋನ್ ಮಾಡಿದವನು ತಾನು ಬ್ಯಾಂಕಿನ ಅಮರ್ ಎಂದ. ಸಂಜೆಯೊಳಗೆ ನನ್ನ ಎಟಿಎಂ ಕಾರ್ಡು ನಿಂತುಹೋಗುತ್ತದಂತೆ. "ಶಶಿರೇಖಾ ಮೇಡಂ" ಎಂದು ಪೂರ್ತಿ ಹೆಸರು ಹಿಡಿದು ಕರೆದ. ಮನೆಯಲ್ಲಿ ನಾನು ಬರೀ "ಇವಳೇ". ಕಾರ್ಡಿನ ನಂಬರು ಹೇಳಿದೆ, ಒಟಿಪಿಯನ್ನೂ ಹೇಳಿದೆ. ಇಪ್ಪತ್ತು ಸಾವಿರ ಹೋದ ಮೆಸೇಜ್ ಬಂತು.

ಅದು ಬ್ಲೌಸ್ ಹೊಲಿದು ನಾಲ್ಕು ವರ್ಷ ಗುಟ್ಟಾಗಿ ಕೂಡಿಟ್ಟ ದುಡ್ಡು, ಬಿದ್ದುಹೋದ ಹಲ್ಲುಗಳನ್ನು ಕಟ್ಟಿಸಿಕೊಳ್ಳಲು. ಐವತ್ತೆರಡರಲ್ಲಿ ಇವಳಿಗೇನು ಚಂದ ಎಂದು ನಕ್ಕಾರೆಂದು ಯಾರಿಗೂ ಹೇಳಿರಲಿಲ್ಲ.

ಅನುಮಾನವೇನೋ ಬಂತು. ಆದರೆ ಅವನು ನಿಜವಾಗಿಯೂ ಬ್ಯಾಂಕಿನವನೇ ಆಗಿದ್ದರೆ? ಯಾರೋ ಹೆತ್ತ ಮಗನನ್ನು ಸುಮ್ಮನೆ ಕಳ್ಳ ಎನ್ನುವುದು ಹೇಗೆ? ನಮ್ಮ ಕೇರಿಯಲ್ಲಿ ಕೋಳಿ ಕಾಣೆಯಾದರೆ, ಅನುಮಾನವಿರುವ ಮನೆಗೇ ಹೋಗಿ, "ನಮ್ಮ ಕೋಳಿ ಏನಾದ್ರೂ ಈ ಕಡೆ ಬಂತಾ" ಎಂದು ಮರ್ಯಾದೆಯಾಗಿ ಕೇಳುವುದು ರೂಢಿ. ಹಾಗೆಯೇ ಅವನಿಗೇ ಫೋನ್ ಮಾಡಿದೆ.

"ಬೇಜಾರು ಮಾಡ್ಕೋಬೇಡಿ. ನೀವು ಮೋಸ ಮಾಡೋರಲ್ಲ ತಾನೇ?"

"ನೀವೂ ಹಿಂಗಂದ್ಬಿಟ್ರಲ್ಲ ಮೇಡಂ."

ದನಿಯಲ್ಲಿ ಎಂಥ ನೋವು. ತಪ್ಪಾಯಿತು ಎಂದೆ. ಹಣ ವಾಪಸು ಹಾಕಲು ಇನ್ನೊಂದು ಒಟಿಪಿ ಬೇಕೆಂದ. ಕೊಟ್ಟೆ. ಇನ್ನೂ ಇಪ್ಪತ್ತು ಸಾವಿರ ಹೋಯಿತು.

ನಾನು ಹೊಲಿದ ಬ್ಲೌಸುಗಳಿಗೆ ಹುಕ್ಸ್ ಹಾಕಿಕೊಡುವ ಅಮ್ರೀನ್ ಅಷ್ಟರಲ್ಲಿ ಬಂದಳು. ನನ್ನ ಮುಖ ನೋಡಿ ಎಲ್ಲ ಬಾಯಿಬಿಡಿಸಿದಳು.

"ಕಳ್ಳಂಗೇ ಫೋನ್ ಮಾಡಿ ಕೇಳಿದ್ರಾ ಅಕ್ಕಾ?"

"ಮರ್ಯಾದೆಯಾಗೇ ಕೇಳ್ದೆ ಕಣೇ."

"ಕರೆದು ಕಾಫಿನೂ ಕೊಡ್ಬೇಕಿತ್ತು. ಈಗ್ಲೇ 1930ಗೆ ಮಾಡಿ. ಅವನು ದುಡ್ಡು ಬಿಡಿಸ್ಕೊಳ್ಳೋಕೆ ಮುಂಚೆ ಹೇಳಿದ್ರೆ ತಡೀತಾರೆ."

"ಇವರಿಗೆ ಕೇಳ್ಸುತ್ತೆ."

ಕರೆಂಟು ಹೋಗಿ ಮುಂದಿನ ಕೋಣೆಯ ಮಗ್ಗಗಳು ನಿಂತಿದ್ದವು. ನನ್ನ ಗಂಡ ಬೈರೇಶ್ ಅಲ್ಲೇ ಕೂತಿದ್ದರು. ಮಗ್ಗ ಓಡುತ್ತಿದ್ದರೆ ನಾನು ಕಿರುಚಿದರೂ ಕೇಳಿಸುತ್ತಿರಲಿಲ್ಲ.

"ಗುಟ್ಟು ಉಳಿಸ್ಕೋತೀರೋ, ದುಡ್ಡು ಉಳಿಸ್ಕೋತೀರೋ?" ಎಂದು ಅಮ್ರೀನ್ ಫೋನನ್ನು ನನ್ನ ಕೈಗಿಟ್ಟಳು.

ಆ ಕಡೆಯ ಹೆಣ್ಣುಮಗಳು ಬ್ಯಾಂಕು, ಹೊತ್ತು, ಮೆಸೇಜಿನಲ್ಲಿದ್ದ ನಂಬರು ಎಲ್ಲ ಬರೆದುಕೊಂಡಳು. "ಎರಡನೇ ಸಲ ಅವನು ಎಷ್ಟೊತ್ತಿಗೆ ಕಾಲ್ ಮಾಡಿದ್ದು?"

"ಅವನಲ್ಲ, ನಾನೇ ಮಾಡಿದ್ದು."

"ಯಾಕೆ ಮಾಡಿದ್ರಿ ಮೇಡಂ?"

ಲೈನು ಸರಿ ಇರಲಿಲ್ಲ. ಜೋರಾಗಿ ಹೇಳಬೇಕಾಯಿತು. "ನೀವು ಕಳ್ಳರಾ ಅಂತ ಕೇಳೋಕೆ."

ಮುಂದಿನ ಕೋಣೆಯಲ್ಲಿ ಬೈರೇಶ್ ಕೆಮ್ಮಿದರು.

ಆಮೇಲೆ ಏನೂ ಕೇಳದೆ ಬೈಕ್ ತೆಗೆದು ನನ್ನನ್ನು ಬ್ಯಾಂಕಿಗೆ ಕರೆದೊಯ್ದರು. ಕಾರ್ಡು ನಿಲ್ಲಿಸಿ, ದೂರು ಬರೆದುಕೊಟ್ಟೆವು. ಎರಡನೆಯ ಇಪ್ಪತ್ತು ಸಾವಿರವನ್ನು ತಡೆದಿದ್ದಾರೆ, ಬರಲು ತಡವಾಗುತ್ತದೆ ಎಂದು ಬ್ಯಾಂಕಿನವರು ಹೇಳಿದರು. ಮೊದಲನೆಯದು ಆಗಲೇ ಹೋಗಿತ್ತು.

ಹೊರಗೆ ಬಂದು ಬೈಕಿನ ಹತ್ತಿರ ನಿಂತು ಇವರು ಕೇಳಿದರು, "ಯಾತಕ್ಕೆ ಕೂಡಿಟ್ಟಿದ್ದೆ?"

ಹೇಳಿದೆ. ನಗುತ್ತಾರೆಂದು ಕಾದೆ.

"ಉಳಿದಿರೋ ದುಡ್ಡಲ್ಲಿ ಮೇಲೆ ಎಡಗಡೆ ಎರಡು ಮೊದ್ಲು ಕಟ್ಟಿಸ್ಕೋ. ಆ ಕಡೆ ಅಗಿಯೋಕೆ ನೀನು ಒದ್ದಾಡೋದು ನೋಡೋಕಾಗಲ್ಲ."

ನನಗೆ ಯಾವ ಹಲ್ಲಿಲ್ಲ ಎಂದು ಅವರಿಗೆ ಗೊತ್ತಿದೆಯೆಂಬುದೇ ನನಗೆ ಗೊತ್ತಿರಲಿಲ್ಲ.