ಮುಳುಗುವ ಪಾತ್ರಕ್ಕೆ ಬೆಳ್ಳಿ ದೀಪ

ಪ್ರಶಸ್ತಿ ಬಂದ ಸುದ್ದಿಯನ್ನು ಮಹಾಬಲ ಧನಿಗಳು ಕಬಕದಿಂದ ಪುತ್ತೂರಿನವರೆಗೂ ಜೀಪಿನ ಹಾರನ್ ಒತ್ತಿಕೊಂಡೇ ತಂದರು. ಟಾಕೀಸಿನ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಕಿಟ್ಟಣ್ಣನಿಗೆ ಆ ಹಾರನ್ನಿನ ಗುರುತಿತ್ತು. ಧನಿಗಳು ತೆಗೆದ ಒಂದೇ ಒಂದು ತುಳು ಸಿನಿಮಾಕ್ಕೆ ಅವನು ಪ್ರೊಡಕ್ಷನ್ ಮ್ಯಾನೇಜರು. ದೊಡ್ಡ ಹೆಸರು ಅಷ್ಟೆ. ಊಟ, ಜನ, ದೋಣಿ, ವೇಷ, ಹೀರೋಯಿನ್ನಿನ ತಾಯಿಗೆ ಮೀಯಲು ಬಿಸಿನೀರು, ಎಲ್ಲ ಅವನ ತಲೆಯ ಮೇಲೆಯೇ ಇತ್ತು.

"ಬಂತು ಮಾರಾಯ!" ಧನಿಗಳು ಜೀಪಿನಿಂದ ಇಳಿಯುವ ಮೊದಲೇ ಕೂಗಿದರು. "ಬೆಂಗಳೂರಿನ ಚಿತ್ರರಸಿಕರ ಮಂಡಳಿಯ ಬೆಳ್ಳಿ ದೀಪ. ಒಂದಲ್ಲ, ಎರಡು. ಒಂದು ಸಿನಿಮಾಕ್ಕೆ. ಇನ್ನೊಂದು ಸಣ್ಣ ಪಾತ್ರದ ನಟನೆಗೆ. ಯಾರಿಗೆ ಹೇಳು ನೋಡುವಾ?"

ಕಿಟ್ಟಣ್ಣ ಅರ್ಧ ಕುಡಿದ ಚಾದ ಗ್ಲಾಸನ್ನು ಕೆಳಗಿಟ್ಟ.

"ಸುಂದರನಿಗೆ," ಎಂದರು ಧನಿಗಳು. ಆ ಹೆಸರು ಬಾಯಿಂದ ಹೊರಬಿದ್ದ ಮೇಲೆ ಅವರ ನಗು ಕೂಡ ಸ್ವಲ್ಪ ಸಣ್ಣದಾಯಿತು. ಆದರೆ ಧನಿಗಳು ವ್ಯಾಪಾರಸ್ಥರು. ಸಣ್ಣದಾದ ನಗುವನ್ನು ಮತ್ತೆ ದೊಡ್ಡದು ಮಾಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎರಡು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ ತೆಗೆದ ಆ ಸಿನಿಮಾವನ್ನು ಊರಿನವರು ಹೊಳೆಯ ಸಿನಿಮಾ ಎಂದೇ ಕರೆಯುತ್ತಿದ್ದರು. ಮಂಗಳೂರಿನಲ್ಲಿ ಒಂದು ವಾರ ಓಡಿ, ಓಡಿತು ಎನ್ನುವುದಕ್ಕಿಂತ ಕುಂಟಿ, ಅದು ಧನಿಗಳ ಗೋದಾಮಿನಲ್ಲಿ ಗೋಣಿಚೀಲಗಳ ನಡುವೆ ಮಲಗಿತು. ಪುತ್ತೂರಿಗೆ ಬರಲೇ ಇಲ್ಲ. ಹಂಚಿಕೆದಾರರು ಮುಖ ತಿರುಗಿಸಿದರು. ಆಗ ಯಾರೋ ಧನಿಗಳ ಕಿವಿಯಲ್ಲಿ ಹೇಳಿದರು: ಒಂದು ಪ್ರಶಸ್ತಿ ಬಂದರೆ ಮಲಗಿದ ಸಿನಿಮಾ ಎದ್ದು ಕೂರುತ್ತದೆ. ಧನಿಗಳು ಹಲಸಿನ ಹಪ್ಪಳ, ಗೇರುಬೀಜದ ಡಬ್ಬ ಕಟ್ಟಿಕೊಂಡು ಮೂರು ಸಲ ಬೆಂಗಳೂರಿಗೆ ಹೋದರು. ಮಂಡಳಿಯವರನ್ನು ಕೂರಿಸಿ ಸಿನಿಮಾ ತೋರಿಸಿದರು, ಉಣ್ಣಿಸಿದರು, ಮತ್ತೆ ತೋರಿಸಿದರು. ಮಂಡಳಿಯವರು ಕತೆಗೆ ಆಕಳಿಸಿದರಂತೆ. ಹೊಳೆಯಲ್ಲಿ ಪೊಲೀಸ್ ಪೇದೆ ಮುಳುಗುವ ಜಾಗ ಬಂದಾಗ ಮಾತ್ರ ಎದ್ದು ಕೂತರಂತೆ. ಇಷ್ಟು ಸಹಜವಾಗಿ ಸಾಯುವ ನಟನನ್ನು ತಾವು ನೋಡಿಯೇ ಇಲ್ಲ ಎಂದು ಅಧ್ಯಕ್ಷರು ತಮ್ಮ ಕೈಯಾರೆ ಬರೆದು ಕೊಟ್ಟಿದ್ದರು.

ನೋಡಿರಲಿಕ್ಕಿಲ್ಲ. ಏಕೆಂದರೆ ಸುಂದರ ನಟಿಸಿರಲಿಲ್ಲ.

ಸುಂದರ ಕಡಬದ ಹತ್ತಿರ ಕುಮಾರಧಾರೆಯಲ್ಲಿ ದೋಣಿ ದಾಟಿಸುವವನು. ಹೊಳೆಯೆಂದರೆ ಅವನಿಗೆ ಮನೆಯಂಗಳ. ಪೇದೆಯ ಪಾತ್ರದವನು ನೀರಿಗೆ ಹೆದರಿ ಮದರಾಸಿಗೆ ಓಡಿದಾಗ ಕಿಟ್ಟಣ್ಣನೇ ಸುಂದರನನ್ನು ಹಿಡಿದು ತಂದ. ದೋಣಿ ಮಗುಚಬೇಕು, ಪೇದೆ ಕೈ ಬಡಿಯಬೇಕು, ಮುಳುಗಬೇಕು, ಕೆಳಗಿನ ಬಂಡೆಯ ಆಚೆ ಕ್ಯಾಮೆರಾಕ್ಕೆ ಕಾಣದ ಹಾಗೆ ಏಳಬೇಕು. ಸುಂದರ ಕೋಮಣದಲ್ಲಿ ಎರಡು ಸಲ ಮಾಡಿ ತೋರಿಸಿ, ಬಂಡೆಯ ಆಚೆ ಎದ್ದು ಹಲ್ಲು ಕಿಸಿದಿದ್ದ.

ಮೂರನೆಯದು ಕ್ಯಾಮೆರಾಕ್ಕೆ. ಅದಕ್ಕೆ ವೇಷ ಬೇಕಲ್ಲ: ದಪ್ಪ ಖಾಕಿ ಕೋಟು, ಮೊಣಕಾಲಿನವರೆಗೆ ಸುತ್ತಿದ ಪಟ್ಟಿ, ಬೂಟು. ಹುಟ್ಟಿದ ಮೇಲೆ ಕಾಲಿಗೆ ಚಪ್ಪಲಿಯನ್ನೂ ಹಾಕದ ಸುಂದರನಿಗೆ ಬೂಟಿನ ದಾರ ಕಟ್ಟಲು ಗೊತ್ತಿರಲಿಲ್ಲ. ಕಿಟ್ಟಣ್ಣ ಮರಳಲ್ಲಿ ಕೂತು ಕಟ್ಟಿದ. ನೀರಿನಲ್ಲಿ ಬೂಟು ಕಳಚಿದರೆ ಮುಂದಿನ ದೃಶ್ಯಕ್ಕೆ ಹೊಂದುವುದಿಲ್ಲವೆಂದು ಗಂಟಿನ ಮೇಲೆ ಗಂಟು ಹಾಕಿದ. "ಕಾಲು ನನ್ನದಲ್ಲದ ಹಾಗೆ ಆಗ್ತದೆ ಕಿಟ್ಟಣ್ಣ," ಎಂದು ಸುಂದರ ನಕ್ಕ.

ದೋಣಿ ಮಗುಚಿತು. ಸುಂದರ ಕೈ ಬಡಿದ, ಒಮ್ಮೆ ಮುಳುಗಿದ, ಎದ್ದ, ಬಾಯಿ ತೆರೆದು ಕೂಗಿದ; ಹೊಳೆಯ ಸದ್ದಿನಲ್ಲಿ ಏನು ಕೂಗಿದನೆಂದು ದಡಕ್ಕೆ ಕೇಳಲಿಲ್ಲ. ದಡದಲ್ಲಿದ್ದವರು ಬೇರೆ ಯಾವ ಊರಿನವರಾಗಿದ್ದರೂ ಹಗ್ಗ ಎಸೆಯುತ್ತಿದ್ದರು. ಇವರು ಸುಂದರನ ಊರಿನವರು, ಅವನ ಈಜು ಕಂಡವರು. ಎಂಥ ಆ್ಯಕ್ಟಿಂಗ್ ಎಂದು ಚಪ್ಪಾಳೆ ತಟ್ಟಿದರು. ಮುದುಕ ತ್ಯಾಂಪಣ್ಣ ಮಾತ್ರ ಇನ್ನೊಂದು ದೋಣಿಯ ಹಗ್ಗಕ್ಕೆ ಕೈ ಹಾಕಿದ. ಕಿಟ್ಟಣ್ಣ ಅವನ ರಟ್ಟೆ ಹಿಡಿದು ಕೆಳದನಿಯಲ್ಲಿ ಗದರಿದ: "ದೋಣಿ ಬಿಡ್ಬೇಡಿ! ಫಿಲ್ಮು ಓಡ್ತಾ ಉಂಟು."

ಫಿಲ್ಮು ಓಡಿತು. ಬಂಡೆಯ ಆಚೆ ಯಾರೂ ಏಳಲಿಲ್ಲ. ಅಷ್ಟರಲ್ಲಿ ಜನ ಹೀರೋಯಿನ್ನನ್ನು ನೋಡಲು ಕಾರಿನತ್ತ ಓಡಿಯಾಗಿತ್ತು. ಎರಡು ದಿನ ಧನಿಗಳೂ ಕಿಟ್ಟಣ್ಣನೂ ಮೀನು ಹಿಡಿಯುವವರ ಹಾಗೆ ದಡದುದ್ದಕ್ಕೂ ಹುಡುಕಿದರು; ಹೊಳೆ ಏನನ್ನೂ ಕೊಡಲಿಲ್ಲ. ಸುದ್ದಿಯಾದರೆ ಸಿನಿಮಾ ಅಲ್ಲಿಗೇ ನಿಲ್ಲುತ್ತದೆ ಎಂದರು ಧನಿಗಳು. ಸುಂದರ ಬಂಡೆಯ ಆಚೆ ಎದ್ದವನು ಅಲ್ಲಿಂದಲೇ ಸಿನಿಮಾ ಕೆಲಸಕ್ಕೆ ಬೊಂಬಾಯಿಗೆ ಹೋದ ಎಂದು ಯೂನಿಟ್ಟಿಗೂ ಊರಿಗೂ ತ್ಯಾಂಪಣ್ಣನಿಗೂ ಹೇಳಿದರು. ಮನೆಗೊಬ್ಬ ಬೊಂಬಾಯಿಗೆ ಹೋಗುವ ಊರಿನಲ್ಲಿ ಅದನ್ನು ನಂಬಲು ಯಾರಿಗೂ ಕಷ್ಟವಾಗಲಿಲ್ಲ.

ಮದರಾಸಿನ ಡಬ್ಬಿಂಗ್ ಥಿಯೇಟರಿನಲ್ಲಿ ಸಣ್ಣ ಪಾತ್ರಗಳಿಗೆ ತುಳು ಬಲ್ಲವರು ಸಿಗುವುದಿಲ್ಲ. ಮ್ಯಾನೇಜರ್ ಕಿಟ್ಟಣ್ಣನೇ ಮೈಕಿನ ಮುಂದೆ ನಿಲ್ಲಬೇಕಾಯಿತು. ಪೇದೆ ಸಾಯುವಾಗ "ಅಪ್ಪೇ" ಎಂದು ತಾಯಿಯನ್ನು ಕರೆಯಬೇಕೆಂದು ಬರೆದಿತ್ತು. ಅದೇ ತುಣುಕು ಸುತ್ತಿ ಸುತ್ತಿ ಬಂತು, ಇಪ್ಪತ್ತು ಸಲ. ಪ್ರತಿ ಸಲವೂ ಪರದೆಯ ಮೇಲೆ ಸುಂದರ ಬಾಯಿ ತೆರೆದು ಕರೆದದ್ದು ಅವನ ಹೆಸರನ್ನೇ. ಕಿಟ್ಟಣ್ಣಾ. ಅಪ್ಪೇ ಎನ್ನಬೇಕಾದರೆ ತುಟಿ ಸೇರಬೇಕು. ಸುಂದರನ ತುಟಿ ಸೇರಲೇ ಇಲ್ಲ. ಹೊಂದುವುದಿಲ್ಲ ಎಂದ ಎಂಜಿನಿಯರು. ನೀರಿನ ಅಬ್ಬರದಲ್ಲಿ ಯಾರು ತುಟಿ ನೋಡುತ್ತಾರೆ ಎಂದರು ಡೈರೆಕ್ಟರು.

ನೋಡುವವಳು ಒಬ್ಬಳಿದ್ದಳು. ಸುಂದರನ ತಾಯಿ ಚೆನ್ನುವಿಗೆ ಕಿವಿ ಕೇಳುವುದಿಲ್ಲ. ಮಗ ಮಡಿಲಲ್ಲಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಯಿತು. ಅಂದಿನಿಂದ ಎದುರಿಗಿದ್ದವರ ತುಟಿಯೇ ಅವಳ ಕಿವಿ. ಮಗ ಮಾತು ಕಲಿತದ್ದನ್ನು ಅವಳು ಕೇಳಲಿಲ್ಲ, ನೋಡಿದಳು.

ಎರಡು ವರ್ಷದಿಂದ ಬೊಂಬಾಯಿಯ ಕಾಗದವನ್ನು ಬರೆಯುವವನು ಕಿಟ್ಟಣ್ಣ, ಅವಳಿಗೆ ಓದಿ ಹೇಳುವವನೂ ಕಿಟ್ಟಣ್ಣ. ಬೆಳಕಿಗೆ ಮುಖ ಕೊಟ್ಟು, ನಿಧಾನಕ್ಕೆ ತುಟಿ ಆಡಿಸಿ, ಸುಳ್ಳನ್ನು ಒಂದೊಂದೇ ಅಕ್ಷರವಾಗಿ ತೋರಿಸಬೇಕು. ಕಿವಿಗೆ ಸುಳ್ಳು ಹೇಳುವುದು ಸುಲಭ. ಕಣ್ಣಿಟ್ಟು ನೋಡುವವಳಿಗೆ ಸುಳ್ಳು ಹೇಳಿ ಬಂದ ದಿನ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಧನಿಗಳ ಹೊಸ ಅಪ್ಪಣೆ ಹೀಗಿತ್ತು: ಆದಿತ್ಯವಾರ ಮೂರು ಗಂಟೆಗೆ ಪುತ್ತೂರಿನ ಟಾಕೀಸಿನಲ್ಲಿ ಸಮಾರಂಭ, ಆಮೇಲೆ ಸಿನಿಮಾ. ಮಂಡಳಿಯ ಅಧ್ಯಕ್ಷರು ಬರುತ್ತಾರೆ, ಪೇಪರಿನವರು ಬರುತ್ತಾರೆ. ಮಗ ಬೊಂಬಾಯಿಯಲ್ಲಿ, ದೀಪ ತೆಗೆದುಕೊಳ್ಳಲು ತಾಯಿ ಬರಬೇಕು.

"ಅವಳು ಬರುದು ಬೇಡ ಧನೀ," ಕಿಟ್ಟಣ್ಣ ಗೋಗರೆದ. "ಅವಳಿಗೆ ತುಟಿ ಗೊತ್ತಾಗ್ತದೆ."

"ಎಂತದು ತುಟಿ? ಮಗನನ್ನು ನೋಡಿ ಖುಷಿಪಡ್ತಾಳೆ. ಫೋಟೋ ಬಂದ್ರೆ ಸಿನಿಮಾ ನೂರು ದಿನ. ನೀನು ಪಕ್ಕದಲ್ಲಿ ಕೂತು ಭಾಷಣ ಹೇಳಿ ಕೊಟ್ರಾಯ್ತು."

ಅವಳೇ ಬರಲೊಲ್ಲೆ ಎಂದರೆ ಬಚಾವು ಎಂದುಕೊಂಡು ಕಿಟ್ಟಣ್ಣ ಕಡಬಕ್ಕೆ ಹೋದ. ಜೀಪಿನಲ್ಲಿ ವಾಂತಿ ಬರುತ್ತದೆ, ಟಾಕೀಸಿನೊಳಗೆ ಉಸಿರು ಕಟ್ಟುತ್ತದೆ ಎಂದೆಲ್ಲ ಹೆದರಿಸಿದ. ಚೆನ್ನು ಅವನ ತುಟಿಯನ್ನು ಪೂರ್ತಿ ನೋಡಿ ಮುಗಿಸಿದಳು.

"ಎರಡು ವರ್ಷ ಆಯ್ತು ಅವನ ಮುಖ ಕಾಣದೆ," ಎಂದಳು, ತನ್ನ ಸ್ವರದ ಅಂದಾಜಿಲ್ಲದ ಗಟ್ಟಿ ದನಿಯಲ್ಲಿ. "ಅವ ಮಾತಾಡ್ತಾನಾ ಅದ್ರಲ್ಲಿ?"

"ಸ್ವಲ್ಪ, ಚೆನ್ನಕ್ಕ."

"ನನಗೆ ಕಾಣುವ ಹಾಗೆ?"

ಕಿಟ್ಟಣ್ಣ ತಲೆಯಾಡಿಸಿದ. ಅದು ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಅವಳು ಆಗಲೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಯುತ್ತಿದ್ದಳು.

ಉಳಿದ ದಾರಿ ಒಂದೇ. ಆದಿತ್ಯವಾರ ಬೆಳಿಗ್ಗೆ ಅವನು ಟಾಕೀಸಿನ ಮೆಟ್ಟಿಲು ಹತ್ತಿ, ಪ್ರೊಜೆಕ್ಟರ್ ನಡೆಸುವ ಅದ್ರಾಮನ ಕಾಲು ಹಿಡಿಯುವುದೊಂದು ಬಾಕಿ ಎನ್ನುವ ಹಾಗೆ, ಮುಳುಗುವ ತುಣುಕನ್ನು ತೆಗೆದುಬಿಡು ಎಂದು ಬೇಡಿದ. ಅದ್ರಾಮ ನೆಟ್ಟಗಿನ ಮನುಷ್ಯ. ರೀಲಿಗೆ ಕತ್ತರಿ ಹಾಕುವುದೆಂದರೆ ಅವನಿಗೆ ಮೈಗೆ ಹಾಕಿದ ಹಾಗೆ.

"ಪ್ರಶಸ್ತಿ ಬಂದದ್ದೇ ಅದಕ್ಕೆ ಅಂತೆ. ಅದನ್ನೇ ತೆಗಿಯುದಾ?"

"ಮಗ ಮುಳುಗುದನ್ನು ತಾಯಿ ನೋಡಬಾರ್ದು ಅದ್ರಾಮ. ಬೇರೆ ಎಂತ ಇಲ್ಲ."

ಅದ್ರಾಮ ಅವನ ಮುಖವನ್ನೇ ನೋಡಿದ. ಮತ್ತೇನೂ ಕೇಳದೆ ತುಣುಕನ್ನು ಕತ್ತರಿಸಿ, ಸುರುಳಿ ಸುತ್ತಿ, ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದ. ಕಿಟ್ಟಣ್ಣ ಮೆಟ್ಟಿಲಿಳಿಯುವಾಗ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರೆಳೆದುಕೊಂಡ.

ಸಮಾರಂಭ ಚೆನ್ನಾಗಿಯೇ ನಡೆಯಿತು, ಅಂದರೆ ಉದ್ದವಾಗಿ ನಡೆಯಿತು. ಅಧ್ಯಕ್ಷರು ಚೆನ್ನುವಿನ ಕೈಗೆ ಬೆಳ್ಳಿ ದೀಪ ಕೊಟ್ಟರು, ಪೇಪರಿನವರ ಕ್ಯಾಮೆರಾ ಮಿಂಚಿತು, ಧನಿಗಳು ನಡುವೆ ನುಗ್ಗಿ ನಿಂತರು. ಚೆನ್ನು ಮುಂದಿನ ಸಾಲಿನಲ್ಲಿ ಕೂತು ದೀಪವನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿದಳು. ಪಕ್ಕದಲ್ಲಿ ಕಿಟ್ಟಣ್ಣ. ಸಿನಿಮಾ ಸುರುವಾಯಿತು. ಪೇದೆಯ ವೇಷದಲ್ಲಿ ಸುಂದರ ದೋಣಿ ಹತ್ತುವುದು ಕಂಡಾಗ ಅವಳು ಕಿಟ್ಟಣ್ಣನ ಮಣಿಕಟ್ಟು ಹಿಡಿದಳು. "ಬೂಟು!" ಎಂದು ನಕ್ಕಳು. ನಗು ಹಾಲಿನ ತುಂಬ ಕೇಳಿತು. ಪರದೆಯ ಮೇಲಿನ ಚಿತ್ರ ಒಮ್ಮೆ ಹಾರಿತು. ದೋಣಿಯೂ ಇಲ್ಲ, ಪೇದೆಯೂ ಇಲ್ಲ, ಹೀರೋಯಿನ್ನು ಬಾವಿಯಿಂದ ನೀರು ಸೇದುತ್ತಿದ್ದಳು.

"ನಿಲ್ಲಿಸಿ, ನಿಲ್ಲಿಸಿ!" ಅಧ್ಯಕ್ಷರು ಎದ್ದೇ ಬಿಟ್ಟರು. "ಆ ದೃಶ್ಯ ಎಲ್ಲಿ? ನಾವು ಬಂದದ್ದೇ ಅದಕ್ಕಲ್ಲವೇ?"

ಲೈಟು ಹಾಕಿದರು. ಧನಿಗಳು ಹಿಂದೆ ತಿರುಗಿ, ಪ್ರೊಜೆಕ್ಟರಿನ ಕಿಂಡಿಯತ್ತ ಗುಡುಗಿದರು: "ಅದ್ರಾಮ! ರೀಲು ಎಲ್ಲಿ? ಈಗ ಹಾಕದಿದ್ರೆ ಟಾಕೀಸಿನವರಿಗೆ ಹೇಳಿ ನಿನ್ನ ಕೆಲಸ ತೆಗೆಸ್ತೇನೆ." ಕಿಂಡಿಯಲ್ಲಿ ಅದ್ರಾಮನ ಮುಖ ಕಾಣಿಸಿತು. ಅವನು ಕಿಟ್ಟಣ್ಣನನ್ನೇ ನೋಡಿದ. ಈಗಲಾದರೂ ಎದ್ದು ನಿಂತು ಬೇಡ ಎಂದಿದ್ದರೆ ಆಗುತ್ತಿತ್ತು. ಕಿಟ್ಟಣ್ಣ ಏಳಲಿಲ್ಲ. ಅಂದು ದಡದಲ್ಲಿ ನಿಂತ ಹಾಗೆಯೇ ಇಂದು ಕುರ್ಚಿಯಲ್ಲಿ ಕೂತ.

ಹತ್ತು ನಿಮಿಷ ಯಾರ್ಯಾರೋ ಸೋಡಾ ಕುಡಿದರು. ಆಮೇಲೆ ಲೈಟು ಆರಿತು.

ದೋಣಿ ಮಗುಚಿತು. ಸುಂದರ ಕೈ ಬಡಿದ, ಮುಳುಗಿದ, ಎದ್ದ. ಕ್ಯಾಮೆರಾ ದಡದಿಂದಲೇ ಅವನ ಮುಖವನ್ನು ಹತ್ತಿರಕ್ಕೆ ಎಳೆದಿತ್ತು. ಬಾಯಿ ತೆರೆಯಿತು. "ಅಪ್ಪೇ!" ಎಂದು ಕಿಟ್ಟಣ್ಣನ ಸ್ವರ ಟಾಕೀಸಿನ ಗೋಡೆಗೆಲ್ಲ ಹೊಡೆಯಿತು. ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಸಾಯುವಾಗಲೂ ಹೆತ್ತವಳನ್ನು ಕರೆದ ಎಂದು ಯಾರೋ ಬಿಕ್ಕಿದರು.

ಚೆನ್ನು ಅಳಲಿಲ್ಲ. ಸುಂದರ ಇನ್ನೊಮ್ಮೆ ಎದ್ದು, ಇನ್ನೊಮ್ಮೆ ಕರೆದು, ನೀರು ಮುಚ್ಚಿಕೊಳ್ಳುವವರೆಗೂ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿದಳು.

"ಅವ ಕರೆದದ್ದು ನಿನ್ನನ್ನು," ಎಂದಳು. ಆ ಗಟ್ಟಿ ದನಿಗೆ ಇಡೀ ಟಾಕೀಸು ಇತ್ತ ತಿರುಗಿತು. "ನನ್ನನ್ನಲ್ಲ. ಎರಡು ಸಲ ಕಿಟ್ಟಣ್ಣ ಅಂತ ಕರೆದ. ನೀನು ಹೋಗ್ಲಿಲ್ವಾ?"

ಅದ್ರಾಮ ಲೈಟು ಹಾಕಿದ. ಯಾರೂ ಹೇಳಿರಲಿಲ್ಲ, ಅವನೇ ಹಾಕಿದ. ಧನಿಗಳು, "ಪಾಪ, ತಾಯಿಗೆ ತಲೆ ಸರಿಯಿಲ್ಲ," ಎನ್ನುತ್ತ ಓಡಿ ಬಂದರು. ಚೆನ್ನು ಅವರತ್ತ ನೋಡಲಿಲ್ಲ, ಹಾಗಾಗಿ ಅವರು ಹೇಳಿದ್ದು ಅವಳಿಗೆ ಮುಟ್ಟಲಿಲ್ಲ. ಅವಳ ಕಣ್ಣು ಕಿಟ್ಟಣ್ಣನ ಬಾಯಿಯ ಮೇಲಿತ್ತು, ಕಾಗದ ಓದುವಾಗ ಇರುತ್ತಿದ್ದ ಹಾಗೆ.

ಕಿಟ್ಟಣ್ಣ ಬಾಯಿ ತೆರೆದ. ಸ್ವರ ಹೊರಡಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ನಿಲ್ಲಿಸಲು ನೋಡಿದ, ನಿಲ್ಲಲಿಲ್ಲ. ಅವಳೆದುರು ಎರಡು ವರ್ಷ ಸುಳ್ಳು ಹೇಳಿದ ತುಟಿ ಈಗ ತಾನಾಗಿ ಬಿಚ್ಚಿಕೊಂಡಿತ್ತು.

ಚೆನ್ನು ಅದನ್ನು ಓದಿದಳು, ಎಲ್ಲರಿಗೂ ಕೇಳುವ ಹಾಗೆ, ಒಂದೊಂದಾಗಿ.

"ಬೂಟು ಕಟ್ಟಿದ್ದು ನಾನು," ಎಂದಳು.

ಮುಂದಿನ ಸಾಲಿನವರು ಎದ್ದು ನಿಂತರು.

"ದೋಣಿ ಬಿಡ್ಬೇಡಿ ಅಂತ ತ್ಯಾಂಪಣ್ಣನ ಕೈ ಹಿಡಿದದ್ದು ನಾನು. ಬೊಂಬಾಯಿ ಕಾಗದ ಬರೆದದ್ದು ನಾನು."

ಧನಿಗಳು ಕಿಟ್ಟಣ್ಣನ ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಆ ಕೈಯನ್ನು ಬಟ್ಟೆ ಸರಿಸಿದಷ್ಟೇ ಸುಲಭವಾಗಿ ಸರಿಸಿ, ಕೊನೆಯದನ್ನೂ ನೋಡಿ ಓದಿದಳು.

"ಅವ ಮೇಲೆ ಬರ್ಲೇ ಇಲ್ಲ, ಚೆನ್ನಕ್ಕ."

ತನ್ನ ಹೆಸರನ್ನು ಓದಿದ ಮೇಲೆ ಅವಳು ಎದ್ದಳು. ದೀಪ ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಆ ಸದ್ದು ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಕೇಳಿತು.