ತೆಗೀಬೇಡ

"ಹೆಂಡತಿ ಮಲಗಿರೋವಾಗ ಕಾಳ ನಸುಕಲ್ಲೆದ್ದು ಆ ಕೊನೆ ಮನೆಗೆ ಎಂತಕ್ಕೆ ಹೋದ ಅಂತ ಆನೆಯನ್ನೇ ಕೇಳ್ಬೇಕು!" ಹೂವಿನ ಹಾರದ ಸಿಕ್ಕು ಬಿಡಿಸುತ್ತ ಶಕುಂತಲಮ್ಮ ಅಂದಳು. ಪಕ್ಕದಲ್ಲಿ ಕೂತಿದ್ದವರಿಬ್ಬರು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು.

ಹೊಗೆ ಹಿಡಿದ ಕೆಟಲ್‌ನಿಂದ ಬಂದವರಿಗೆ ಕಾಫಿ ಬಗ್ಗಿಸುತ್ತಿದ್ದ ಜವರಿಗೆ ಅದು ಕೇಳಿತು. ಕೊನೆ ಮನೆ ಅವಳದೇ. ಗಂಡ ಸತ್ತ ಮೇಲೆ ಅಲ್ಲಿ ಒಬ್ಬಳೇ ಇದ್ದಳು. ಕಾಫಿ ತೋಟದ ಕೂಲಿಯವರ ಲೈನ್‌ಮನೆಗಳ ಸಾಲಿನಲ್ಲಿ ಕಾಳನದು ಮೊದಲ ಮನೆ. ನಿನ್ನೆ ಬೆಳಗ್ಗೆ ಒಂಟಿ ಸಲಗ ಅವನನ್ನು ತುಳಿದು ಹಾಕಿದ್ದು ಮಾತ್ರ ಜವರಿಯ ಬಾಗಿಲೆದುರು. ಗೋಣಿಕೊಪ್ಪಲಿನ ಆಸ್ಪತ್ರೆಯಿಂದ ಬಂದ ಹೆಣ ಈಗ ಅಂಗಳದ ಚಾಪೆಯ ಮೇಲಿತ್ತು.

"ಸಾಕು ಸುಮ್ನಿರಿ," ಅಂದ ತೋಟದ ಲೆಕ್ಕ ಬರೆಯುವ ರೈಟರ್ ಧರ್ಮಪಾಲ. "ಇಪ್ಪತ್ತು ವರ್ಷ ಕಾಫಿ ಪಿಕಿಂಗಿಗೆ ಮುಂಚೆ ತೋಟಕ್ಕೆ ಹೋಗಿ ಆನೆ ನೋಡಿ ಬರ್ತಿದ್ದವ. ನಿಮ್ಮ ಕೈಕಾಲು ನೆಟ್ಟಗಿರೋದು ಅವನಿಂದ."

"ನಾನೆಲ್ಲಿ ಇಲ್ಲ ಅಂದೆ ರೈಟರೇ? ಆನೆ ಕಂಡ್ರೆ ಲೈನ್ ಎಲ್ಲ ಎದ್ದು ಕೂರೋ ಹಾಗೆ ಕೂಗ್ತಿದ್ದ. ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

ಗಂಡನ ತಲೆಯ ಬಳಿ ಕೂತಿದ್ದ ಬೊಳ್ಳಮ್ಮ ನಿಧಾನಕ್ಕೆ ಕತ್ತು ತಿರುಗಿಸಿ ಜವರಿಯನ್ನು ನೋಡಿದಳು. ಕಾಫಿ ಲೋಟದ ಅಂಚು ಮೀರಿ ಜವರಿಯ ಕೈ ಸುಟ್ಟಿತು. ಉತ್ತರ ಅವಳ ಹತ್ತಿರ ಇತ್ತು. ಆದರೆ ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

*

ನಿನ್ನೆ ಐದೂವರೆಗೆ ಅವಳು ಕೊಡ ಸೊಂಟಕ್ಕಿಟ್ಟು ಚಿಲಕ ತೆಗೆದಿದ್ದಳು. ಲೈನಿನಲ್ಲಿ ನಲ್ಲಿಗೆ ಮೊದಲು ಹೋಗುವವಳು ಅವಳೇ. ಬಾಗಿಲು ಎಳೆಯುವಷ್ಟರಲ್ಲಿ ಆಚೆ ಏನೋ ದೊಡ್ಡದು ಉಸಿರು ಬಿಟ್ಟಿತು. ಹಸಿ ಸಗಣಿಯಂಥ ವಾಸನೆ ಸಂದಿನಿಂದ ಒಳಗೆ ಬಂತು.

ಆಗ ಬಾಗಿಲ ಮೇಲೆ ಯಾರೋ ಅಂಗೈಯಿಂದ ತಟ್ಟಿದರು. ಒಮ್ಮೆ, ಮತ್ತೊಮ್ಮೆ.

ಅವಳ ಕೈ ಚಿಲಕವನ್ನು ಹಾಕಿಬಿಟ್ಟಿತು.

ಅದಾದ ಮೇಲೆ ಪಿಸುಮಾತು ಕೇಳಿತು. "ಜವರೀ, ತೆಗೀಬೇಡ. ನೀರಿಗೆ ಬರಬೇಡ. ಇಲ್ಲೇ ನಲ್ಲಿ ಹತ್ರ ಉಂಟು." ಕೂಗಿದರೆ ಏನಾಯಿತೆಂದು ಅವಳು ಹೊರಗೋಡಿ ಬರುತ್ತಾಳೆಂದು ಕಾಳನಿಗೆ ಗೊತ್ತಿತ್ತು.

ಬಳಿಕ ಬಲಿತ ಹಲಸಿನಕಾಯಿ ನೆಲಕ್ಕೆ ಬಿದ್ದಂಥ ಸದ್ದು.

*

ಹೆಣ ಎತ್ತಲು ನಾಲ್ವರು ಬಗ್ಗಿದಾಗ ಜವರಿ ಕೆಟಲ್ ಕೆಳಗಿಟ್ಟು ಬೊಳ್ಳಮ್ಮನ ಎದುರು ಕೂತಳು.

"ಅಕ್ಕಾ, ಅವ ಬಂದದ್ದು ನನ್ನ ಉಳಿಸೋಕೆ. ಹೊರಗೆ ಬರಬೇಡ ಅಂತ ಹೇಳೋಕೆ. ಬೇರೆ ಎಂತದೂ ಇಲ್ಲ." ಇಲ್ಲಿಗೆ ನಿಲ್ಲಿಸಬಹುದಿತ್ತು. "ಆದ್ರೆ ಅಕ್ಕಾ, ತಟ್ಟಿದ ಕೂಡ್ಲೇ ನಾನು ಚಿಲಕ ಹಾಕ್ದೆ. ಅವ ತೆಗೀಬೇಡ ಅನ್ನೋಕೂ ಮುಂಚೆ. ಒಳಗೆ ಬಿಡು ಅಂತ ಕೇಳ್ತಿದ್ದಾನೆ ಅಂದ್ಕೊಂಡೇ ಹಾಕ್ದೆ."

ಶಕುಂತಲಮ್ಮನ ಕೈಯಲ್ಲಿ ಹಾರ ಹಾಗೇ ನಿಂತಿತು.

"ಹಾಕಿದ್ದು ಅವನಿಗೆ ಕೇಳಿತಾ?" ಬೊಳ್ಳಮ್ಮ ಕೇಳಿದಳು.

"ಕೇಳಿರ್ಬೇಕು. ತುಕ್ಕು ಹಿಡಿದ ಚಿಲಕ."

"ಕೇಳಿದ ಮೇಲೂ ಹೇಳಿದ್ನಾ, ತೆಗೀಬೇಡ ಅಂತ?"

"ಹ್ಞೂಂ."

ಬೊಳ್ಳಮ್ಮ ಗಂಡನ ಬಲಗೈಯನ್ನು ಬಟ್ಟೆಯೊಳಗೆ ಸೇರಿಸಿ, "ಎತ್ತಿ," ಅಂದಳು.

ಮಣ್ಣು ಮಾಡಿ ಮರಳುವಾಗ ಸಂಜೆ ಐದು ಗಂಟೆ. ನೀರಿನ ತೋಡಿನ ಕಡೆಯಿಂದ ಆನೆ ಘೀಳಿಟ್ಟದ್ದು ಕೇಳಿತು. ಜನ ಎದ್ದುಬಿದ್ದು ಓಡಿದರು. ಸಾಲಿನುದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಜವರಿ ತನ್ನ ಬಾಗಿಲಿಗೆ ಕೈ ಹಾಕಿ ನಿಂತಳು. ನಲ್ಲಿಯಾಚೆ ತಗಡಿನ ಶೆಡ್. ಹೋದ ತಿಂಗಳು ಅಸ್ಸಾಮಿನಿಂದ ಬಂದ ಗಂಡಹೆಂಡಿರು ಅಲ್ಲಿದ್ದರು. ಹೆಸರು ಕೂಡ ಯಾರೂ ಕೇಳಿರಲಿಲ್ಲ. ಆ ಹೆಂಗಸು ಮಗು ಎತ್ತಿಕೊಂಡು ನೀರಿಗೆ ಬರುವ ಹೊತ್ತು ಇದೇ.

ಕಾಫಿ ಗಿಡಗಳ ನಡುವೆ ಕೊಂಬೆ ಮುರಿಯಿತು. ಜವರಿ ನಲ್ಲಿ ದಾಟಿದಳು, ಶೆಡ್ಡಿನ ಬಾಗಿಲಿಗೆ ಅಂಗೈ ಬಡಿದಳು. ಆನೆಗೆ ಅವರ ಮಾತಿನಲ್ಲಿ ಏನನ್ನುತ್ತಾರೆಂದು ಪಿಕಿಂಗಿನಲ್ಲಿ ಕೇಳಿದ್ದ ನೆನಪು.

"ಹಾತಿ! ಬರಬೇಡಿ, ಹಾತಿ!"

ಒಳಗೆ ಹೆಜ್ಜೆಯ ಸದ್ದು ಬಾಗಿಲ ತನಕ ಬಂದು ನಿಂತಿತು. ಅವಳ ಅಂಗೈ ಇನ್ನೂ ತಗಡಿನ ಮೇಲಿದ್ದಂತೆಯೇ ಒಳಗಿನಿಂದ ಚಿಲಕ ಬಿತ್ತು.